ನಾವೇ ದಾರಿಗೆ ಹಾಕಿದ ಮುಳ್ಳು

ನಿಂತ ಬಂಡಿಯ ನೆರಳಿನಲ್ಲಿ ನಾನೀಗ ಕೂರುವುದಿಲ್ಲ. ಮೊನ್ನೆ ಜಹೀರಾಬಾದ್ ಸ್ಟೇಷನ್ನಿನ ಹೊರಗೆ ನಾಲ್ಕು ಜನ ಒಂದು ಟಾಂಗಾದ ನೆರಳಲ್ಲಿ ಕೂತು ಬೀಡಿ ಸೇದುತ್ತಿದ್ದರು. ನಾನು ಮಾತ್ರ ಹತ್ತು ಹೆಜ್ಜೆ ಆಚೆ, ಬಿಸಿಲಲ್ಲಿ, ಕೊಡೆ ಬಿಚ್ಚಿಕೊಂಡು ನಿಂತಿದ್ದೆ. ಟಾಂಗಾದವನಿಗೆ ಸಹಿಸಲಾಗಲಿಲ್ಲ. “ಮಾಸ್ತರ್ ಸಾಬ್, ನಮ್ಮ ಟಾಂಗಾ ಕಚ್ಚತದೇನ್ರಿ?” ಎಂದ. ಕುದುರೆ ಕಚ್ಚಿದರೂ ಕಚ್ಚೀತು, ಟಾಂಗಾ ಕಚ್ಚುವುದಿಲ್ಲ ಎಂದು ನನಗೂ ಗೊತ್ತು. ಆದರೆ ಕಾಲುಗಳು ಒಪ್ಪಲಿಲ್ಲ. ಬುದ್ಧಿ ಹೇಳಿದ್ದನ್ನು ಕಾಲು ಕೇಳದಿರುವುದು ನನಗೆ ಹೊಸ ಅನುಭವ. ಇಷ್ಟು ದಿನ ಕಾಲು ಹೇಳಿದ್ದನ್ನೇ ನನ್ನ ಬುದ್ಧಿ ಕೇಳಿಕೊಂಡು ಬಂದಿತ್ತು.

ಇದಕ್ಕೆ ಕಾರಣವಾದದ್ದು ನಡೆದು ಇವತ್ತಿಗೆ ಇಪ್ಪತ್ತೆರಡು ದಿನ. ನಿಧಾನವಾಗಿ, ಆದದ್ದು ಆದ ಹಾಗೆಯೇ ಬರೆಯುತ್ತೇನೆ. ನಾನು ಇಲ್ಲಿನ ವಸ್ತಾನಿಯಾ ಎಂಬ ಮಾಧ್ಯಮಿಕ ಶಾಲೆಯಲ್ಲಿ ಹಿಸಾಬು, ಅಂದರೆ ಗಣಿತ, ಕಲಿಸುವವನು. ಉರ್ದುವಿನಲ್ಲಿ ಉಕ್ಲೈದಸನ ರೇಖಾಗಣಿತ, ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಯಾವುದು ಬೇಗ ಬಾಯಿಗೆ ಬರುತ್ತದೋ ಅದು. ರೇಖೆ ಎಳೆಯುವವನಿಗೆ ಒಂದು ಅಹಂಕಾರವಿರುತ್ತದೆ: ದೂರ ಎಷ್ಟು, ವೇಗ ಎಷ್ಟು ಎಂದು ಹೇಳಿಬಿಟ್ಟರೆ ಮುಂದಿನದೆಲ್ಲ ತಾನಾಗಿ ಹೊರಬರುತ್ತದೆ ಎಂಬುದು. ಆ ಅಹಂಕಾರ ಈಗ ಕರಣಕೋಟದಿಂದ ತಾಂಡೂರಿಗೆ ಇಳಿಯುವ ದಾರಿಯಲ್ಲಿ ಎಲ್ಲೋ ಬಿದ್ದಿದೆ. ಹುಡುಕಿಕೊಂಡು ಹೋಗುವ ಮನಸ್ಸಿಲ್ಲ.

ಹೆಂಡತಿಗೆ ಏಳು ತಿಂಗಳು ತುಂಬಿತ್ತು. ಚೊಚ್ಚಲು. ತವರು ತಾಂಡೂರು. ಸರ್ಕಾರಿ ಲೆಕ್ಕದಲ್ಲಿ ಖುರ್ದಾದ್ ತಿಂಗಳು, ನಮ್ಮ ಮನೆಯಲ್ಲಿ ಚೈತ್ರ, ಮೈಗೆ ಮಾತ್ರ ಎರಡೂ ಒಂದೇ ಬೆಂಕಿ. ಬುದ್ಧಿವಂತನಾದವನು ರೈಲಿನಲ್ಲಿ ಕರೆದುಕೊಂಡು ಹೋಗುತ್ತಿದ್ದ. ವಿಕಾರಾಬಾದಿನಲ್ಲಿ ಗಾಡಿ ಬದಲಿಸಬೇಕು, ಅಷ್ಟೆ. “ಬಸುರಿ ಹೆಂಗಸಿಗೆ ಅಲ್ಲಿ ಪ್ಲಾಟ್‌ಫಾರಂ ಹತ್ತಿ ಇಳಿದು ತ್ರಾಸಾಗುತ್ತದೆ” ಎಂದು ನಾನು ಎಲ್ಲರಿಗೂ ಹೇಳಿದೆ. ನಿಜವಾದ ಕಾರಣ ಬೇರೆ ಇತ್ತು. ಅಳಿಯ ಮೋಟಾರಿನಲ್ಲಿ ಬಂದ ಎಂದು ಮಾವನ ಮನೆಯ ಓಣಿ ಬಾಗಿಲಿಗೆ ಬಂದು ನೋಡಬೇಕೆಂಬ ಆಸೆ. ನನ್ನ ಸ್ನೇಹಿತರೊಬ್ಬರು ವಕೀಲರು, ಹಳೆಯ ಮೋಟಾರು ಇಟ್ಟಿದ್ದರು. ಯುದ್ಧ ನಿಂತಿತ್ತು, ಪೆಟ್ರೋಲಿನ ರೇಷನ್ ಚೀಟಿ ಇನ್ನೂ ನಿಂತಿರಲಿಲ್ಲ. ಆದರೂ ತಮ್ಮ ಚೀಟಿಯ ಪೆಟ್ರೋಲು ಹಾಕಿಸಿ, ಡ್ರೈವರ್ ಖಾಸೀಂಸಾಬನನ್ನು ಜೊತೆಗೆ ಕೊಟ್ಟು ಕಳಿಸಿದರು. ಒಳ್ಳೆಯ ಸ್ನೇಹಿತರು ಮನುಷ್ಯನ ಮೂರ್ಖತನಕ್ಕೆ ಎಷ್ಟು ಬೇಗ ನೆರವಾಗುತ್ತಾರೆ!

ಹೆಂಡತಿಯ ಬಗ್ಗೆ ಒಂದು ಮಾತು ಹೇಳಬೇಕು. ಅವಳ ಹೆಸರು ಕಾಶೀಬಾಯಿ. ಅದನ್ನು ನಾನು ಬಾಯಲ್ಲಿ ಹೇಳುವ ಪದ್ಧತಿಯಿಲ್ಲ, ಕಾಗದದ ಮೇಲೆ ಬರೆಯುತ್ತಿರುವುದೂ ಇದೇ ಮೊದಲು. ನನ್ನ ಹೆಸರಂತೂ ಅವಳ ಬಾಯಲ್ಲಿ ಬರುವುದೇ ಇಲ್ಲ. ನಮ್ಮ ಕಡೆ ಮೂರನೆಯವರ ಎದುರಿಗೆ ಗಂಡ ಹೆಂಡತಿ ನೇರ ಮಾತಾಡುವುದು ಮರ್ಯಾದೆಯಲ್ಲ. ಹಾಗೆಂದು ಮಾತು ನಿಲ್ಲುತ್ತದೆಯೇ? ಮೂರನೆಯವರ ಮೂಲಕ ಹರಿಯುತ್ತದೆ. ಮೋಟಾರು ಊರು ಬಿಟ್ಟು ಮೂರು ಮೈಲಿ ಆಗಿರಲಿಲ್ಲ, “ಖಾಸೀಮಣ್ಣ, ಅವರಿಗೆ ಟೊಪ್ಪಿಗಿ ಹಾಕೋಳಾಕ ಹೇಳ್ರಿ, ಬಿಸಿಲು ಏರ್ತದ” ಎಂದಳು. ನಾನು ಖಾಸೀಮನ ಮಗ್ಗುಲಲ್ಲೇ ಕೂತಿದ್ದೆ. ಟೊಪ್ಪಿಗೆ ಹಾಕಿಕೊಂಡೆ. ಖಾಸೀಂ ಹೇಳುವ ಅಗತ್ಯವೇ ಬೀಳಲಿಲ್ಲ. ಲಗ್ನವಾಗಿ ಎರಡು ವರ್ಷದಲ್ಲಿ ಅವಳು ನನಗೆ ಕೊಟ್ಟ ಆಜ್ಞೆಗಳೆಲ್ಲ ಹೀಗೆ ನನ್ನ ತಾಯಿ, ಹಾಲಿನವಳು, ಬಾಗಿಲಲ್ಲಿ ಕೂತ ಬೆಕ್ಕು, ಯಾರಾದರೊಬ್ಬರ ಮೂಲಕವೇ ಬಂದವು. ಅವಳು ಮಾತು ಕಡಿಮೆಯವಳು, ಅಕ್ಷರ ಕಲಿತವಳಲ್ಲ, ಪ್ರಪಂಚ ನೋಡಿಲ್ಲ ಎಂದು ನಾನು ತಿಳಿದಿದ್ದೆ. ಅವಳ ತಂದೆ ಚನ್ನಪ್ಪನವರು ತಾಂಡೂರಿನ ಕಲ್ಲುಗಣಿಗಳಿಂದ ರೈಲಿಗೆ ಗಾಡಿಯ ಮೇಲೆ ಹಾಸುಗಲ್ಲು ಸಾಗಿಸುವವರು. ಹೆಣ್ಣು ಕೇಳುವಾಗ ನಮ್ಮ ಮನೆಯಲ್ಲಿ “ಗಾಡಿಯವರ ಮಗಳು” ಎಂದು ಯಾರೋ ಮೂಗೆಳೆದದ್ದೂ ಉಂಟು. ಆ ಮೂಗನ್ನು ಈಗ ಹುಡುಕುತ್ತಿದ್ದೇನೆ.

ಕರಣಕೋಟ ದಾಟಿ, ಕಲ್ಲಿನ ಬೋರೆಯಿಂದ ದಾರಿ ಕೆಳಗಿಳಿಯುವಲ್ಲಿ ಹಿಂದೆ ಏನೋ ಕಳಚಿದ ಹಾಗೆ ಸದ್ದಾಯಿತು. ಮೋಟಾರು ಎಡಕ್ಕೆ ಕುಸಿದು, ನೆಲ ಕೆರೆಯುತ್ತ ಹೋಗಿ ನಿಂತಿತು. ಅಷ್ಟರಲ್ಲಿ ಒಂದು ಗಾಲಿ ನಮ್ಮ ಪಕ್ಕದಿಂದಲೇ, ಅವಸರದ ಕೆಲಸವಿರುವವರ ಹಾಗೆ, ಉರುಳಿಕೊಂಡು ಮುಂದೆ ಹೋಯಿತು. “ಅದು ಯಾರದ್ರಿ?” ಎಂದು ನಾನು ಖಾಸೀಮನನ್ನು ಕೇಳಿದೆ. ಅಂಥ ಸಮಯದಲ್ಲಿ ಮನುಷ್ಯನ ಬಾಯಿಂದ ಬರುವ ಪ್ರಶ್ನೆಗಳನ್ನು ಯಾರೂ ಬರೆದಿಡಬಾರದು. “ನಮ್ದೇ ರೀ, ಮಾಸ್ತರ್ ಸಾಬ್” ಎಂದ ಅವನು. ಗಡಿಯಾರ ನೋಡಿದೆ. ಒಂಬತ್ತು ಗಂಟೆ ನಲವತ್ತು ನಿಮಿಷ.

ಜಾಗವನ್ನು ಸರಿಯಾಗಿ ಹೇಳಬೇಕು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಅಲ್ಲಿ ದಾರಿಯನ್ನು ಬಂಡೆಯಲ್ಲಿ ಕಡಿದು ಇಳಿಸಿದ್ದಾರೆ. ಎರಡೂ ಕಡೆ ಎದೆಯೆತ್ತರ ಕಲ್ಲಿನ ದಡ, ಪುಸ್ತಕದ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಪದರ ಪದರ. ನಡುವೆ ಒಂದು ಗಾಡಿ ಹಾಯುವಷ್ಟು ದಾರಿ, ಅದರ ನಡುವೆ ಮೂರು ಗಾಲಿಯ ನಮ್ಮ ಮೋಟಾರು. ನಮ್ಮ ಹಿಂದೆ ಎಪ್ಪತ್ತು ಹೆಜ್ಜೆ ಮೇಲೆ ಒಂದು ತಿರುವು. ತಿರುವಿನಿಂದ ಇನ್ನೂ ನೂರ ಎಂಬತ್ತು ಹೆಜ್ಜೆ ಹತ್ತಿದರೆ ದಾರಿ ಮಟ್ಟಸ. ಈ ಹೆಜ್ಜೆಗಳನ್ನು ನಾನು ಅವತ್ತು ನಾಲ್ಕು ಸಲ ಎಣಿಸಿದ್ದೇನೆ. ಸುತ್ತ ಒಂದು ಮೈಲಿ ಕಣ್ಣು ಹಾಯಿಸಿದರೂ ಮರವಿಲ್ಲ. ಯಾವ ದೊರೆ ಸಾಲುಮರ ನೆಡಿಸಿದ ಎಂದು ಮಕ್ಕಳಿಗೆ ತವಾರೀಖಿನ ಪಾಠದಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಆ ದೊರೆಗಳಲ್ಲಿ ಒಬ್ಬನೂ ಈ ದಾರಿಯಲ್ಲಿ ಬಂದಿರಲಿಲ್ಲ. ಬೇಸಗೆಯನ್ನು ವರ್ಣಿಸುವ ಹಳೆಯ ಕವಿಗಳು ಬಿಸಿಲಿಗೆ ಬಳಲಿದ ಪ್ರಾಣಿಗಳು ಹಗೆ ಮರೆತು ಒಂದೇ ನೆರಳಿಗೆ ಸೇರುತ್ತವೆ ಎನ್ನುತ್ತಾರೆ. ಅದಕ್ಕಾದರೂ ಒಂದು ನೆರಳು ಬೇಕಲ್ಲ. ಅಲ್ಲಿದ್ದ ನೆರಳು ಒಂದೇ, ಮೋಟಾರಿನದು.

ನಾನು ಇಳಿದವನೇ ಆ ನೆರಳಲ್ಲಿ ಟವೆಲು ಹಾಸಿದೆ. ಹೆಂಡತಿಗೆ ಜಾಗ ಮಾಡುತ್ತಿದ್ದೇನೆ ಎಂಬ ಸಮಾಧಾನ ಬೇರೆ. ಅವಳು ಇಳಿದಳು. ಟವೆಲಿನ ಕಡೆ ನೋಡಲಿಲ್ಲ. ದಾರಿಯ ಮೇಲ್ಗಡೆ ನೋಡಿದಳು, ಕೆಳಗಡೆ ನೋಡಿದಳು, ನೆಲಕ್ಕೆ ಬಗ್ಗಲಾರದೆ ಕಾಲಿನ ಹೆಬ್ಬೆರಳಿನಿಂದ ಮೊರಮು ಮಣ್ಣಿನ ಮೇಲಿನ ಗಾಲಿಯ ಗೆರೆಗಳನ್ನು ಮುಟ್ಟಿದಳು.

“ಖಾಸೀಮಣ್ಣ, ನೀರಿನ ಕೊಡ ಮೊದಲ ಇಳಸ್ರಿ. ಗಂಟೂ ಇಳಸ್ರಿ. ಒಳಗ ಯಾರೂ ಕುಂದ್ರಬ್ಯಾಡ್ರಿ. ನೆರಳಿಗೂ ಕುಂದ್ರಬ್ಯಾಡ್ರಿ.”

“ಯಾಕ ತಂಗಿ? ನೆರಳಿನಾಗ ಏನೈತಿ?”

“ಕೆಟ್ಟು ನಿಂತ ಗಾಡಿ ನೆರಳಿಗಿ ನಮ್ಮ ಮನ್ಯಾಗ ಯಾರೂ ಕುಂದ್ರಂಗಿಲ್ಲ. ಕಲ್ಲಿನ ಗಾಡಿ ಬರೋ ಹೊತ್ತು ಇದು. ಗೆರಿ ನೋಡ್ರಿ, ತುಂಬಿದ ಗಾಡಿ ಇಳದ ಗೆರಿ. ದಿನಾ ಇಳೀತಾವ.”

ಒಳ್ಳೆಯದೇ ಆಯಿತಲ್ಲ ಎಂದುಕೊಂಡೆ. ಗಾಡಿ ಬಂದರೆ ನೆರವು ಬಂದ ಹಾಗೆ. ಗಾಡಿಯವರು ನಮ್ಮನ್ನು ಕಂಡು ನಿಲ್ಲಿಸುತ್ತಾರೆ. ಖಾಸೀಮನೂ ಅದನ್ನೇ ಹೇಳಿದ. ಆಗ ಅವಳು ಹೇಳಿದ್ದನ್ನು ನಾನು ಇಪ್ಪತ್ತೆರಡು ದಿನದಿಂದ ಮನಸ್ಸಿನಲ್ಲಿ ತಿರುಗಿಸಿ ನೋಡುತ್ತಿದ್ದೇನೆ.

“ಯಾರು ನೋಡ್ತಾರ ಖಾಸೀಮಣ್ಣ? ಬೆಳಗಿನ ಜಾವ ಎದ್ದು ಕಲ್ಲು ಹೇರಿರ್ತಾರ. ಈ ಹೊತ್ತಿಗಿ ಗಾಡಿಯವರು ಕಲ್ಲಿನ ಮ್ಯಾಲೇ ಮಕ್ಕೊಂಡಿರ್ತಾರ. ಎತ್ತಿಗಿ ದಾರಿ ಗೊತ್ತದ, ಅವೇ ನಡೀತಾವ. ಇಳುವಿಗಿ ಬಿದ್ದ ಮ್ಯಾಲ ಎತ್ತು ಕಂಡ್ರೂ ನಿಂದ್ರಾಕ ಆಗಂಗಿಲ್ಲ, ಹಿಂದಿನ ಕಲ್ಲು ನಿಂದ್ರಗೊಡಂಗಿಲ್ಲ. ಮನಷ್ಯಾಗ ಅಲ್ಲ, ಎತ್ತಿಗಿ ಹೇಳಬೇಕು.”

ಎತ್ತಿಗೆ ಹೇಳುವುದು ಹೇಗೆ? ಕೆಂಪು ಬಟ್ಟೆ ತೋರಿಸೋಣವೆಂದು ನಾನು ಯೋಚಿಸಿದೆ. ರೈಲಿನವರು ಹಾಗೆ ಮಾಡುತ್ತಾರೆ. ಆದರೆ ರೈಲಿನ ಡ್ರೈವರ್ ಎಚ್ಚರವಾಗಿರುತ್ತಾನೆ, ಎತ್ತಿಗೆ ಬಟ್ಟೆಯ ಶಾಸ್ತ್ರ ತಿಳಿಯದು. ಗಾಡಿಯವರ ಪದ್ಧತಿ ಬೇರೆ. ದಾರಿಯಲ್ಲಿ ಗಾಡಿ ಕೆಟ್ಟರೆ, ಮೇಲ್ಗಡೆ ದೂರದಲ್ಲಿ, ದಾರಿಯ ಈ ಅಂಚಿನಿಂದ ಆ ಅಂಚಿನವರೆಗೆ ಜಾಲಿಯ ಮುಳ್ಳು ಹಾಸುತ್ತಾರೆ. ಗೊರಸಿಗೆ ಲಾಳ ಹೊಡೆದಿದ್ದರೂ ನಡುವಿನ ಸೀಳಿನಲ್ಲಿ ಮುಳ್ಳು ಹೊಕ್ಕ ನೋವು ಯಾವ ಎತ್ತೂ ಮರೆಯುವುದಿಲ್ಲ. ಬಿಳಿಯ ಮುಳ್ಳು ಕಂಡರೆ ಮೂಸಿ, ಮೂಗುಬ್ಬಿಸಿ, ಅಲ್ಲೇ ನಿಲ್ಲುತ್ತದೆ. ಗಾಡಿ ನಿಂತರೆ ಗಾಡಿಯವನಿಗೆ ಎಚ್ಚರವಾಗುತ್ತದೆ. ತೂಗುವ ತೊಟ್ಟಿಲು ನಿಂತ ಕೂಡಲೇ ಕೂಸು ಏಳುವ ಹಾಗೆ. ಎಚ್ಚರಿಕೆಯ ಫಲಕಗಳನ್ನು ನಾನು ಹೈದರಾಬಾದಿನಲ್ಲಿ ನೋಡಿದ್ದೇನೆ, ಚಂದದ ಅಕ್ಷರದಲ್ಲಿ ಬರೆದಿರುತ್ತಾರೆ. ಅವುಗಳನ್ನು ಬರೆದವರು ಓದುವವನು ಎಚ್ಚರವಾಗಿದ್ದಾನೆ ಎಂದು ನಂಬಿರುತ್ತಾರೆ. ನಿದ್ದೆಹೋದವನಿಗೂ ಮುಟ್ಟುವ ಫಲಕವನ್ನು ಯೋಚಿಸಿದವರು ಅಕ್ಷರ ಬಾರದ ಈ ಜನ.

ಪಕ್ಕದ ಹೊಲಕ್ಕೆ ಜಾಲಿಯ ಬೇಲಿಯಿತ್ತು. ಅದರಿಂದ ಕೊಂಬೆ ಎಳೆದುಕೊಳ್ಳಲು ಖಾಸೀಂ ಜಾಕಿನ ಸಲಾಕೆ ಹಿಡಿದು ಹೊರಟ, ನಾನೂ ಹೋದೆ. ಮುಳ್ಳಿನ ಕೊಂಬೆ ಎಳೆಯುವುದು ಉಕ್ಲೈದಸನ ಯಾವ ಪ್ರಮೇಯದಲ್ಲೂ ಬರುವುದಿಲ್ಲ. ನಾನು ಎರಡು ಕೊಂಬೆ ಎಳೆಯುವಷ್ಟರಲ್ಲಿ ಖಾಸೀಂ ಆರು ಎಳೆದಿದ್ದ. ಕೆಳಗಿನಿಂದ ಖಾಲಿ ಗಾಡಿಗಳು ಬಂದರೂ ಬಂದಾವು ಎಂದು ಅವನು ತನ್ನ ಪಾಲನ್ನು ತೆಗೆದುಕೊಂಡು ಇಳಿದ. ಹಾಗೆಯೇ ಓಡಿಹೋದ ಗಾಲಿಯನ್ನೂ ಹುಡುಕಬೇಕಿತ್ತು. ಮೇಲಿನ ಪಾಲು ನನಗೆ ಬಂತು.

ಇಲ್ಲಿ ನನ್ನ ಮೊದಲ ತಪ್ಪು. ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು. ಎಪ್ಪತ್ತು ಹೆಜ್ಜೆ ಹತ್ತಿ ತಿರುವಿಗೆ ಬಂದೆ. ಇಲ್ಲಿಗೇ ಹಾಕಿದರೆ ಸಾಕು ಎಂದು ಲೆಕ್ಕ ಹಾಕಿದೆ: ನಡೆಯುವ ಎತ್ತಿನ ವೇಗ ಇಷ್ಟು, ಎಪ್ಪತ್ತು ಹೆಜ್ಜೆ ದೂರ, ಬೇಕಾದಷ್ಟು ಸಮಯ. ಮುಳ್ಳು ಹಾಸಿ ಇಳಿದು ಬಂದೆ. ಅವಳಾಗಲೇ ದಡ ತಗ್ಗಾಗಿರುವ ಕಡೆಯಿಂದ ಮೆಲ್ಲಗೆ ಹತ್ತಿ, ಮೋಟಾರಿಗಿಂತ ಇಪ್ಪತ್ತು ಮಾರು ಆಚೆ, ದಾರಿಯ ಎರಡೂ ತುದಿ ಕಾಣುವ ಜಾಗದಲ್ಲಿ, ತಲೆಗೆ ಒದ್ದೆ ಸೆರಗು ಹಾಕಿಕೊಂಡು ಕೂತಿದ್ದಳು. ನನ್ನ ಕೊಡೆಯನ್ನು ಕಲ್ಲಿನ ಸಂದಿಗೆ ಸಿಕ್ಕಿಸಿಕೊಂಡಿದ್ದಳು. ಅಲ್ಲಿಂದ ನಾನು ಹಾಕಿದ ಮುಳ್ಳು ಕಾಣುತ್ತಿತ್ತು. ಖಾಸೀಂ ಗಾಲಿ ಹುಡುಕುತ್ತ ಕೆಳಗೆ ನಿಂತಿದ್ದ. ಅವನಿಗೆ ಕೂಗಿ ಹೇಳಿದಳು, ನನಗೆ ಕೇಳುವಂತೆ:

“ಖಾಸೀಮಣ್ಣ, ತಿರುವಿನಾಗ ಮುಳ್ಳು ಹಾಕ್ಯಾರ. ಅದು ಇಳುವಿನ ನಡು. ಅಲ್ಲಿ ಎತ್ತಿಗಿ ಕಾಣ್ತದ, ಆದ್ರ ನಿಂದ್ರಾಕ ಆಗಂಗಿಲ್ಲ. ಮುಳ್ಳು ತುಳಕೊಂಡೇ ಬರ್ತಾವ. ಮ್ಯಾಲ ಮಟ್ಟಸ ನೆಲದಾಗ ಹಾಕಬೇಕು.”

ಖಾಸೀಂ ನನ್ನತ್ತ ನೋಡಿ ಕೈಯಾಡಿಸಿದ. ನಾನು ಮತ್ತೆ ಹತ್ತಿದೆ. ಮುಳ್ಳನ್ನೆಲ್ಲ ಎತ್ತಿ, ನೂರ ಎಂಬತ್ತು ಹೆಜ್ಜೆ ಎಳೆದು, ಮಟ್ಟಸವಾದ ನೆಲದಲ್ಲಿ ಇನ್ನೂ ಇಪ್ಪತ್ತು ಹೆಜ್ಜೆ ಹಿಂದಕ್ಕೆ ಹಾಸಿದೆ. ನನ್ನ ಲೆಕ್ಕದಲ್ಲಿ ವೇಗವಿತ್ತು, ದೂರವಿತ್ತು. ಎತ್ತಿನ ಬೆನ್ನ ಹಿಂದಿನ ಕಲ್ಲಿನ ಭಾರ ಇರಲಿಲ್ಲ. ಇಪ್ಪತ್ತು ವರ್ಷದ ಹುಡುಗಿ, ದಡದ ಮೇಲೆ ಕೂತಲ್ಲಿಂದಲೇ, ಪಾಟಿಯ ಮೇಲಿನ ತಪ್ಪು ಹಿಡಿದಳು. ನಾನು ಮಕ್ಕಳ ಪಾಟಿಯಲ್ಲಿ ತಪ್ಪು ಕಂಡರೆ ಕಿವಿ ಹಿಂಡುತ್ತೇನೆ. ಅವಳು ಖಾಸೀಮನಿಗೆ ಹೇಳಿದಳು.

ಬೆವರಿ ಇಳಿದು ಬಂದಾಗ ಅವಳು ಇನ್ನೊಂದು ಮಾತು ಹೇಳಿದಳು. “ಖಾಸೀಮಣ್ಣ, ಗಾಡಿ ಬಂದ್ರ ಭೋಂಪು ಒತ್ತಬ್ಯಾಡ್ರಿ. ಎತ್ತು ಬೆದರ್ತಾವ.” ಖಾಸೀಂ ಕೆಳಗಿನಿಂದ ಹೂಂ ಎಂದ. ನಾನು ಅವಳಿಂದ ಮೂರು ಮಾರು ದೂರದಲ್ಲಿದ್ದೆ. ಮಾತು ಸ್ಪಷ್ಟವಾಗಿ ಕೇಳಿಸಿತು. ಇದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಆದರೆ ಭೋಂಪು, ಅಂದರೆ ಮೋಟಾರಿನ ಹಾರ್ನು, ಡ್ರೈವರನ ಕೆಲಸ, ಹೇಳಿದ್ದು ಡ್ರೈವರನಿಗೆ, ಆದ್ದರಿಂದ ಅದು ಡ್ರೈವರನಿಗೇ ಎಂದು ನನ್ನ ಮನಸ್ಸು ತೀರ್ಮಾನಿಸಿಬಿಟ್ಟಿತು. ಟೊಪ್ಪಿಗೆಯ ಮಾತು ನನಗೆ, ಮುಳ್ಳಿನ ಮಾತು ನನಗೆ, ಭೋಂಪಿನದು ಮಾತ್ರ ಖಾಸೀಮನಿಗೆ. ಇಂಥ ತಪ್ಪು ಮಾಡಲು ಇಷ್ಟು ಮರ್ಯಾದಸ್ಥರ ಮನೆಯಲ್ಲೇ ಹುಟ್ಟಬೇಕು.

ಆಮೇಲೆ ಕಾಯುವುದು. ಕಾಯುವುದೆಂದರೆ ಏನೂ ಮಾಡದಿರುವುದು ಎಂದು ನಾನು ತಿಳಿದಿದ್ದೆ. ಅವಳನ್ನು ನೋಡಿದರೆ ಹಾಗನಿಸುತ್ತಿರಲಿಲ್ಲ. ಕೂತಲ್ಲಿಂದಲೇ ಮೇಲೆ ನೋಡುವಳು, ಕೆಳಗೆ ನೋಡುವಳು, ಗುಟುಕು ನೀರು ಕುಡಿಯುವಳು, ಮತ್ತೆ ಮೇಲೆ. ಒಲೆಯ ಮೇಲೆ ಹಾಲಿಟ್ಟವಳ ಕಣ್ಣು ಇರುತ್ತದಲ್ಲ, ಹಾಗೆ. ನಮ್ಮನ್ನು ಕಾಪಾಡಲು ಯಾರು ಬರಬೇಕೋ ಅವರಿಂದಲೇ ಮೊದಲು ನಮ್ಮನ್ನು ಕಾಪಾಡಿಕೊಳ್ಳಬೇಕು ಎಂಬುದನ್ನು ಅವಳು ಮೋಟಾರಿನಿಂದ ಇಳಿದ ಗಳಿಗೆಯಲ್ಲೇ ಕಂಡಿದ್ದಳು. ನಾವು ಇಬ್ಬರು ಗಂಡಸರು ನೆರವು ಬರಲಿ ಬರಲಿ ಎಂದು ಹಂಬಲಿಸುತ್ತಿದ್ದೆವು. ಅದು ಎಷ್ಟು ವೇಗವಾಗಿ, ಎಷ್ಟು ಭಾರ ಹೊತ್ತು ಬರುತ್ತದೆ ಎಂದು ಯೋಚಿಸಿದವಳು ಅವಳೊಬ್ಬಳೇ.

ಹನ್ನೊಂದು ಗಂಟೆ ಹೊಡೆಯಲು ಐದು ನಿಮಿಷ. ಖಾಸೀಂ ಗಾಲಿ ಸಿಕ್ಕಿತೆಂದು ಕೆಳಗಿನಿಂದ ಕೂಗಿದ. ಮೋಟಾರಿನ ಮಗ್ಗುಲಲ್ಲಿ ಇನ್ನೂ ಒಂದೂವರೆ ಮೊಳ ನೆರಳಿತ್ತು. ದಡದ ಮೇಲೆ ಕೊಡೆಯ ನೆರಳು ಒಬ್ಬರಿಗೆ ಮಾತ್ರ. ಒಂದೇ ನಿಮಿಷ ಎಂದು ನನಗೆ ನಾನೇ ಹೇಳಿಕೊಂಡು, ಅವಳು ಮೇಲ್ಗಡೆ ನೋಡುತ್ತಿದ್ದಾಗ, ದಡವಿಳಿದು ಆ ಒಂದೂವರೆ ಮೊಳದಲ್ಲಿ ಬೆನ್ನಾನಿಸಿ ಕೂತೆ. ತಣ್ಣಗಿತ್ತು. ಸುಳ್ಳು ಹೇಳಲಾರೆ, ಸುಖವಾಗಿತ್ತು.

ಆಗ ಮೇಲಿನಿಂದ ಎತ್ತಿನ ಕೊರಳ ಗಂಟೆಗಳು ಕೇಳಿದವು. ಒಂದಲ್ಲ, ಹತ್ತಾರು. ತಿರುವಿನ ಆಚೆ, ಕಾಣದು, ಕೇಳುತ್ತದೆ. ಹತ್ತಿರ ಬಂದವು. ಆಮೇಲೆ ನಿಂತವು. ಒಂದು, ಎರಡು, ಹೀಗೆ ಎಲ್ಲ ಗಂಟೆಗಳೂ ನಿಂತವು. ಮುಳ್ಳು ತನ್ನ ಕೆಲಸ ಮಾಡಿತ್ತು. ನನಗೆ ಸಂತೋಷವಾಗುವ ಬದಲು ಗಾಬರಿಯಾಯಿತು. ದಾರಿ ಕಟ್ಟಿದೆ ಎಂದು ಹಿಂದಿರುಗಿಬಿಟ್ಟರೆ? ನಾವಿಲ್ಲಿದ್ದೇವೆಂದು ಅವರಿಗೆ ತಿಳಿಯುವುದು ಹೇಗೆ? ಭೋಂಪಿನ ರಬ್ಬರು ಗುಂಡು ಬಾಗಿಲ ಹೊರಗೆ, ನನ್ನ ತಲೆಯ ಮೇಲೆಯೇ ಇತ್ತು. ಕೈ ಎತ್ತಿದೆ. ಎರಡು ಸಲ ಒತ್ತಿದೆ.

ಗಂಟೆಗಳ ಸದ್ದು ಮತ್ತೆ ಎದ್ದಿತು. ಈ ಸಲ ಅದಕ್ಕೆ ತಾಳವಿರಲಿಲ್ಲ.

“ಏಳು! ಎದ್ದು ಬಾ ಈ ಕಡಿ! ಏಳು!”

ಅದು ಯಾರ ದನಿ ಎಂದು ನನಗೆ ಒಂದು ಕ್ಷಣ ತಿಳಿಯಲಿಲ್ಲ. ಖಾಸೀಮಣ್ಣ ಎಂಬ ಮಾತು ಅದರಲ್ಲಿರಲಿಲ್ಲ. ಅವಳು ಎದ್ದು ನಿಂತಿದ್ದಳು, ಸೆರಗು ತಲೆಯಿಂದ ಜಾರಿತ್ತು, ನೇರ ನನ್ನನ್ನೇ ನೋಡಿ ಕೂಗುತ್ತಿದ್ದಳು. ನಾನು ಏಕೆ, ಏನು ಎಂದು ಕೇಳಲಿಲ್ಲ. ಅದೊಂದೇ ಆ ದಿನ ನಾನು ಮಾಡಿದ ಸರಿಯಾದ ಕೆಲಸ. ಎದ್ದೆ, ಕಲ್ಲಿನ ಪದರಗಳಿಗೆ ಕೈಕಾಲು ಸಿಕ್ಕಿಸಿ ಹಲ್ಲಿಯ ಹಾಗೆ ದಡ ಹತ್ತಿದೆ. ಧೋತರ ಎಲ್ಲೋ ಸಿಕ್ಕಿ ಹರಿಯಿತು. ಮೇಲೆ ಬಂದು ಎರಡು ಸಲ ಉಸಿರು ಬಿಟ್ಟೆ. ಎರಡೇ.

ತಿರುವಿನಿಂದ ಒಂದು ಗಾಡಿ ಬಂತು. ಮೇಲೆ ಯಾರೂ ಇರಲಿಲ್ಲ, ಬರೀ ಕಲ್ಲು. ಎತ್ತುಗಳ ಕಣ್ಣು ಬೆಳ್ಳಗಾಗಿದ್ದವು. ಮೋಟಾರು ಕಂಡು ಅವು ಪಕ್ಕಕ್ಕೆ ತಿರುಗಲು ನೋಡಿದವು, ನೊಗದ ಹಗ್ಗ ಹರಿಯಿತು, ಎತ್ತುಗಳು ದಡಕ್ಕೂ ಮೋಟಾರಿಗೂ ನಡುವಿನ ಸಂದಿಯಲ್ಲಿ ನುಸುಳಿ ಕೆಳಗೆ ಓಡಿದವು. ಗಾಡಿ ಮಾತ್ರ ನೆಟ್ಟಗೆ ಬಂದು ಹೊಡೆಯಿತು. ಕಲ್ಲುಗಳು ಒಂದರ ಹಿಂದೊಂದು, ಅವಸರವಿಲ್ಲದೆ, ಮೋಟಾರಿನೊಳಕ್ಕೆ ಜಾರಿದವು. ಏಳು ಕಲ್ಲು. ಆಮೇಲೆ ಎಣಿಸಿದೆ. ಎರಡು ಹಿಂದಿನ ಸೀಟಿನ ಮೇಲೆ, ಅವಳು ಕೂತು ಬಂದ ಜಾಗದಲ್ಲಿ, ಅಡ್ಡ ಕೂತಿದ್ದವು. ಮೋಟಾರು ಹೊರಳಿ ಮಗ್ಗುಲಾಯಿತು. ಯಾವ ಮಗ್ಗುಲಿಗೆ ಎಂಬುದನ್ನೂ ಬರೆಯಬೇಕು. ನೆರಳಿದ್ದ ಮಗ್ಗುಲಿಗೆ. ನನ್ನ ಟವೆಲಿನ ಒಂದು ಚುಂಗು ಅದರ ಅಡಿಯಿಂದ ಹೊರಗೆ ಕಾಣುತ್ತಿತ್ತು.

ಧೂಳು ಇಳಿಯಿತು. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಕೂತಳು. ನನಗೆ ಮರ್ಯಾದೆ ಗಿರ್ಯಾದೆ ಎಲ್ಲ ಮರೆತುಹೋಯಿತು. ಓಡಿಬಂದು ನಿಂತ ಖಾಸೀಮನ ಎದುರಿಗೇ “ಹೆಂಗಿದ್ದಿ? ಒಳಗ ಹೆಂಗದ?” ಎಂದು ಕೇಳಿದೆ. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕಣ್ಣು ಕೆಳಗೆ ಹಾಕಿ, “ಖಾಸೀಮಣ್ಣ, ಒದಿಲಾಕತ್ತದ ಅಂತ ಹೇಳ್ರಿ” ಎಂದಳು. ಖಾಸೀಂ ಮೂರು ಮಕ್ಕಳ ತಂದೆ, ಆದರೂ ಮುಖ ಕೆಂಪಾಗಿ ಆಕಾಶ ನೋಡುತ್ತ, “ಕೇಳಿಸ್ತಲ್ರಿ, ಮಾಸ್ತರ್ ಸಾಬ್?” ಎಂದ. ಕೇಳಿಸಿತ್ತು.

ಗಾಡಿಯ ಯಜಮಾನ ಸಿದ್ರಾಮಪ್ಪ ಏದುಸಿರು ಬಿಡುತ್ತ ಇಳಿದು ಬಂದ. ಅರವತ್ತು ದಾಟಿದ ಮನುಷ್ಯ. ಮುಳ್ಳಿಗೆ ಎತ್ತು ನಿಂತದ್ದೇ ಎಚ್ಚರಾಗಿ, ಕೆಳಗೇನೋ ಆಗಿದೆ ಎಂದು ತಿಳಿದು, ಮುಳ್ಳು ಒಂದಿಷ್ಟು ಸರಿಸಿ, ಎತ್ತುಗಳ ಹಗ್ಗ ಕೈಯಲ್ಲಿ ಹಿಡಿದು ತಾನೇ ಮುಂದೆ ನಡೆದು ಮೆಲ್ಲಗೆ ಇಳಿಸುವವನಿದ್ದ. ಅಷ್ಟರಲ್ಲಿ ಭೋಂಪು. ಎಡಗಡೆಯ ಎತ್ತು ಹೊಸದು, ಅಂಥ ಸದ್ದು ಕೇಳಿದ್ದಿಲ್ಲ, ಹಗ್ಗ ಕಿತ್ತುಕೊಂಡು ಹೊರಟಿತು. ಅವನು ಬಂದವನೇ ಮೊದಲು ನನ್ನ ಹೆಂಡತಿಯ ಮುಖ ನೋಡಿದ.

“ಚನ್ನಪ್ಪನ ಮಗಳಲ್ಲೇನವ್ವ ನೀ?”

“ಹೌದು ಕಾಕಾ. ನಮ್ಮದಿರ್ಲಿ, ಎತ್ತು ನೋಡ್ರಿ ಮೊದಲ.”

ಎತ್ತುಗಳು ಕೆಳಗಿನ ಹೊಲದಲ್ಲಿ ನಡುಗುತ್ತ ನಿಂತಿದ್ದವು. ಒಂದರ ಭುಜ ತರಚಿತ್ತು, ಅಷ್ಟೆ. ಸಿದ್ರಾಮಪ್ಪ ಅವುಗಳ ಕಾಲು ಒಂದೊಂದಾಗಿ ಎತ್ತಿ ನೋಡಿ, ಬೆನ್ನು ಸವರಿ ಬಂದ ಮೇಲೆ ಕೇಳಿದ:

“ಮುಳ್ಳು ಮ್ಯಾಲ ಮಟ್ಟಸಕ್ಕ ಹಾಕಿಸಿದ್ದು ನೀನೇ ಅಂತ ಗೊತ್ತಾತು. ಉಳಿದ ಹನ್ನೊಂದು ಗಾಡಿ ಅದರಿಂದ ಉಳಕೊಂಡಾವ. ಭೋಂಪು ಒತ್ತಿದ ಪುಣ್ಯಾತ್ಮ ಯಾರು?”

ಖಾಸೀಂ ನನ್ನನ್ನು ನೋಡಲಿಲ್ಲ. ಅವಳೂ ನೋಡಲಿಲ್ಲ. ಇಬ್ಬರೂ ನನ್ನನ್ನು ನೋಡದಿರಲು ಎಷ್ಟು ಪ್ರಯತ್ನಪಟ್ಟರೆಂದರೆ, ಸಿದ್ರಾಮಪ್ಪನಿಗೆ ನೇರವಾಗಿ ತಿಳಿದುಹೋಯಿತು. “ನಾನೇ ರೀ” ಎಂದೆ.

“ಚನ್ನಪ್ಪನ ಅಳಿಯ ಮಾಸ್ತರ್ರು ಅಂತ ಕೇಳಿದ್ದೆ” ಎಂದ ಅವನು. “ಆತು ಬಿಡ್ರಿ. ಸಾಲಿ ಹುಡುಗ್ರಿಗಿ ಗಂಟಿ ಹೊಡದ್ರ ಮನಿಗಿ ಓಡ್ತಾವಲ್ಲ, ನಮ್ಮ ಎತ್ತು ಸುಟ್ಟಿ ಆತು ಅಂತ ತಿಳಕೊಂಡಾವ.” ಹಿಂದೆ ನಿಂತಿದ್ದ ಗಾಡಿಯವರು ನಕ್ಕರು. ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ.

ಅವರು ಕೆಲಸ ಮಾಡಿದ ರೀತಿ ನೋಡಬೇಕಿತ್ತು. ಯಾರೂ ಕೂಗಲಿಲ್ಲ. ಕಲ್ಲುಗಳನ್ನು ಇಬ್ಬಿಬ್ಬರು ಹಿಡಿದು ಇಳಿಸಿದರು. ಮುರಿದ ಗಾಡಿಯನ್ನೂ ಮೋಟಾರನ್ನೂ ಎಂಟು ಜನ ಭುಜ ಕೊಟ್ಟು, ದಡ ತಗ್ಗಾದಲ್ಲಿಗೆ ನೂಕಿ ಹೊಲಕ್ಕೆ ಹಾಕಿದರು. ಖಾಸೀಂ ತನ್ನ ಗಾಲಿಯನ್ನು ಅಪ್ಪಿಕೊಂಡು ಅದರ ಮಗ್ಗುಲಲ್ಲಿ ನಿಂತ. ಯಾರಾದರೂ ಕಾವಲಿರಬೇಕಲ್ಲ. ಮೇಲೆ ನಿಂತಿದ್ದ ಒಂದು ಗಾಡಿಯ ಕಲ್ಲನ್ನು ಉಳಿದವುಗಳಿಗೆ ಹಂಚಿ ಹೇರಿ, ಖಾಲಿಯಾದದ್ದರಲ್ಲಿ ಜೋಳದ ಕಣಕಿಯ ದಂಟು ಹಾಸಿ, ಅದರ ಮೇಲೆ ಕಂಬಳಿ ಹಾಸಿ, ಅವಳಿಗೆ ಜಾಗ ಮಾಡಿದರು. ಈ ಗಾಡಿಯವರ ನಡುವೆ ನನಗೆ ಮೊದಲ ಸಲ ಅನಿಸಿತು: ಜೀವ ಉಳಿಸಿಕೊಳ್ಳುವ ವಿದ್ಯೆ ಒಬ್ಬರ ತಲೆಯಲ್ಲಿ ಇರುವುದಿಲ್ಲ. ಎಷ್ಟೋ ತಲೆಮಾರು, ಎಷ್ಟೋ ಗಾಡಿ ಮುರಿದು, ಎಷ್ಟೋ ಮಂದಿ ನೆರಳಿಗೆ ಕೂತು ಏಳದೆಹೋದ ಮೇಲೆ ಅದು ಒಂದು ಪದ್ಧತಿಯಾಗಿ, ಒಂದು ಮನೆಯ ಮಗಳ ಬಾಯಲ್ಲಿ “ನಮ್ಮ ಮನ್ಯಾಗ ಯಾರೂ ಕುಂದ್ರಂಗಿಲ್ಲ” ಎಂಬ ಸಣ್ಣ ಮಾತಾಗಿ ಉಳಿಯುತ್ತದೆ.

ಹೊರಡುವ ಹೊತ್ತಾಯಿತು. ಎಲ್ಲರಿಗೂ ಅವಸರ. ಆದರೆ ಅವಳು ಗಾಡಿ ಇಳಿದು ಬರಲೆಂದು ಕಾಯಲಿಲ್ಲ. ಮೇಲ್ಗಡೆ ಹೊರಟಳು.

“ಎಲ್ಲಿಗವ್ವ?” ಎಂದ ಸಿದ್ರಾಮಪ್ಪ.

“ಮುಳ್ಳು, ಕಾಕಾ.”

ಸಿದ್ರಾಮಪ್ಪ ತಲೆ ಕೆರೆದುಕೊಂಡ. “ನೀ ಎರಡು ಜೀವದಾಕಿ. ನಾವು ಎತ್ತಿ ಬೇಲಿಗಿ ಹಾಕ್ತೀವಿ ಬಿಡು” ಎಂದ. ಆದರೆ ಆ ಮಾತಿನಲ್ಲಿ ಬಲವಿರಲಿಲ್ಲ. ತಪ್ಪು ಹೇಳುತ್ತಿದ್ದೇನೆಂದು ಅವನಿಗೇ ಗೊತ್ತಿತ್ತು. ಪದ್ಧತಿಯ ಇನ್ನೊಂದು ಅರ್ಧ ನನಗೆ ಆಗ ತಿಳಿಯಿತು. ದಾರಿಗೆ ಮುಳ್ಳು ಹಾಕಿದವರೇ ಅದನ್ನು ತೆಗೆಯಬೇಕು. ತೆಗೆದ ಮೇಲೆ, ಮುಳ್ಳಿದ್ದ ಜಾಗದಲ್ಲಿ ಈ ಅಂಚಿನಿಂದ ಆ ಅಂಚಿಗೆ ಬರಿಗಾಲಲ್ಲಿ ನಡೆದು ಹೋಗಬೇಕು. ಉದುರಿದ ಮುಳ್ಳು ಕಣ್ಣಿಗೆ ಕಾಣದಿರಬಹುದು, ಕಾಲಿನಿಂದ ತಪ್ಪಿಸಿಕೊಳ್ಳುವುದಿಲ್ಲ. ಹಾಗೆ ನಡೆಯದೆ ಯಾವ ಗಾಡಿಯವನೂ ತನ್ನ ಎತ್ತನ್ನು ಅಲ್ಲಿ ಮುಂದೆ ಬಿಡುವುದಿಲ್ಲ.

ನೆರವು ಸಿಕ್ಕವರು ನೆರವು ಸಿಕ್ಕ ಕೂಡಲೇ ಹೊರಟುಹೋಗುತ್ತಾರೆ. ನಾನೂ ಹಾಗೆಯೇ ಹೊರಟವನು. ನಮ್ಮನ್ನು ಉಳಿಸಿಕೊಳ್ಳಲು ನಾವು ಹಾಸಿದ್ದು ನಮ್ಮ ಹಿಂದೆ ಬರುವವನ ಕಾಲಿಗೆ ಚುಚ್ಚೀತು ಎಂಬ ಯೋಚನೆ ನನ್ನ ಹತ್ತಿರ ಸುಳಿದಿರಲಿಲ್ಲ. ಅವಳಿಗೆ ಅದು ಯೋಚನೆಯೂ ಅಲ್ಲ. ತಿಂದ ತಾಟು ತೊಳೆದಿಡುವಷ್ಟೇ ಸಹಜವಾಗಿ, ಏಳು ತಿಂಗಳ ಹೊಟ್ಟೆ ಹೊತ್ತು, ಇನ್ನೂರ ಐವತ್ತು ಹೆಜ್ಜೆ ಹತ್ತಲು ಹೊರಟಿದ್ದಳು. ದಾರಿಗೆ ಅಡ್ಡ ನಿಂತೆ. “ಹಾಕಿದವ ನಾನು” ಎಂದೆ. ಅವಳು ಖಾಸೀಮನನ್ನು ಹುಡುಕಿದಳು. ಅವನು ದೂರದಲ್ಲಿ ಗಾಲಿಯ ಜೊತೆ ಇದ್ದ. ಬೇರೆ ದಾರಿ ಕಾಣದೆ, ನನ್ನ ಪಾದಗಳಿಗೆ ಹೇಳಿದಳು: “ಚಪ್ಪಲಿ ಬಿಟ್ಟು ಹೋಗ್ರಿ.”

ಹೋದೆ. ಕೆಳಗಿನ ಮುಳ್ಳು ಖಾಸೀಮನ ಪಾಲಿಗೆ ಬಂತು. ಮೇಲಿನ ಕೊಂಬೆಗಳನ್ನೆಲ್ಲ ಎಳೆದು, ಎಲ್ಲಿಂದ ತಂದಿದ್ದೆವೋ ಆ ಬೇಲಿಗೇ ಸಿಕ್ಕಿಸಿದೆ. ಆಮೇಲೆ ಕಾದ ಮೊರಮಿನ ಮೇಲೆ, ಹನ್ನೊಂದು ಜೋಡಿ ಎತ್ತುಗಳ ಮೂಗಿನ ಮುಂದೆ, ಬರಿಗಾಲಲ್ಲಿ ಈ ಅಂಚಿನಿಂದ ಆ ಅಂಚಿಗೆ ನಡೆದೆ. ಮೊದಲ ಸಾಲು ಸ್ವಚ್ಛ. ಎರಡನೆಯದೂ ಸ್ವಚ್ಛ. ಎತ್ತುಗಳು ತಲೆ ಆಡಿಸದೆ ನನ್ನನ್ನೇ ನೋಡುತ್ತಿದ್ದವು. ಯಾವ ಪರೀಕ್ಷೆಯ ಮೇಲ್ವಿಚಾರಕರೂ ನನ್ನನ್ನು ಅಷ್ಟು ಗಮನವಿಟ್ಟು ನೋಡಿಲ್ಲ. ಮೂರನೆಯ ಸಾಲಿನ ನಡುವೆ ಸಿಕ್ಕಿತು. ಹಿಮ್ಮಡಿಯ ಹತ್ತಿರ, ಅರ್ಧ ಬೆರಳುದ್ದ.

ನಾನು ಕೂಗಿದ್ದು ತಿರುವಿನವರೆಗೆ ಕೇಳಿಸಿರಬೇಕು. “ಏನಾತ್ರಿ?” ಎಂದು ಸಿದ್ರಾಮಪ್ಪನ ದನಿ ಕೆಳಗಿನಿಂದ ಬಂತು. ಅವನ ಹಿಂದೆಯೇ ಅವಳ ದನಿ, ಶಾಂತವಾಗಿ: “ಒಂದು ಉಳದಿತ್ತು ಕಾಣ್ತದ, ಕಾಕಾ. ಛಲೋ ಆತು, ಎತ್ತಿಗಿ ಸಿಗಲಿಲ್ಲ.”

ಬಂಡೆಯ ಮೇಲೆ ಕೂತು ಮುಳ್ಳು ಕಿತ್ತೆ. ಕಿತ್ತು, ಎಸೆಯಲು ಕೈಯೆತ್ತಿದವನು ಹಾಗೆಯೇ ತಡೆದು, ಎದ್ದು ಹೋಗಿ ಬೇಲಿಯೊಳಕ್ಕೆ ಹಾಕಿ ಬಂದೆ. ಹನ್ನೊಂದು ಗಾಡಿಗಳೂ ಒಂದರ ಹಿಂದೊಂದು, ಗಂಟೆಯ ತಾಳ ತಪ್ಪದೆ, ನನ್ನ ಮಗ್ಗುಲಿನಿಂದ ಇಳಿದು ಹೋದವು. ಅವತ್ತು ಆ ದಾರಿಯಲ್ಲಿ ಕುಂಟಿದವನು ನಾನೊಬ್ಬನೇ.